ಕೊಳವೆ ಹೂಳುವಾಗ ಹಿತ್ತಲ ತೋಟದ ರಕ್ಷಣೆ

ಗ್ರಾಮೀಣ ಮನೆಗಳಿಗೆಲ್ಲ ನಲ್ಲಿಯ ಮೂಲಕ ನೀರು ಒದಗಿಸುವ ಜಲ ಜೀವನ್ ಮಿಷನ್ 2019 ರಲ್ಲಿ ಪ್ರಾರಂಭವಾದ ಮೇಲೆ ನಮ್ಮ ರಾಜ್ಯದಲ್ಲಿ ಬೀದಿ ಅಗೆಯದ ಹಳ್ಳಿ ಅಪರೂಪ. ನೀರು ಬಾಗಿಲಿಗೆ ಬರುವುದು ಸಂತೋಷದ ವಿಷಯ. ಬೇಸಿಗೆಯಲ್ಲಿ ದೂರದ ಬಾವಿಯಿಂದ ಕೊಡ ಹೊತ್ತವರಿಗೆ ಅದರ ಬೆಲೆ ಗೊತ್ತು. ಆದರೆ ಬೀದಿಯ ಕೊಳವೆ ಮನೆಗೆ ಬರಬೇಕಾದರೆ ಅಂಗಳವನ್ನೋ ಹಿತ್ತಲನ್ನೋ ಹಾಯ್ದೇ ಬರಬೇಕು. ಹಿತ್ತಲೆಂದರೆ ಎರಡು ತೆಂಗು, ಒಂದು ಕರಿಬೇವು, ನಾಲ್ಕು ಬಾಳೆ, ಬದನೆ ಮೆಣಸಿನಕಾಯಿಯ ಮಡಿ, ಒಂದು ಮಲ್ಲಿಗೆ ಬಳ್ಳಿ. ಯಂತ್ರವು ಅರ್ಧ ಗಂಟೆಯಲ್ಲಿ ಮಾಡಿ ಹೋದ ಕೆಲಸದ ಫಲವನ್ನು ಈ ಗಿಡಗಳು ಎರಡು ಮೂರು ವರ್ಷ ಅನುಭವಿಸುವುದುಂಟು.

ತುಮಕೂರು ಜಿಲ್ಲೆಯ ಒಂದು ಹಳ್ಳಿಗೆ ಹೋಗಿದ್ದಾಗ ರೈತ ಮಹಿಳೆಯೊಬ್ಬರು ನಮ್ಮನ್ನು ತಮ್ಮ ಹಿತ್ತಲಿಗೆ ಕರೆದರು. "ಪೈಪು ಹಾಕಿದ ಉದ್ದಕ್ಕೂ ಏನು ಹಾಕಿದರೂ ಏಳುತ್ತಿಲ್ಲ ಸ್ವಾಮಿ. ಯಾರ ಕಣ್ಣು ಬಿತ್ತೋ" ಎಂದರು. ನೋಡಿದರೆ, ಎರಡಡಿ ಅಗಲದ ಒಂದು ಕೆಂಪು ಪಟ್ಟೆ ಹಿತ್ತಲಿನ ನಡುವೆ ಹಾಯ್ದಿತ್ತು. ಅದರ ಮೇಲಿನ ಬೆಂಡೆ ಗಿಡಗಳು ಗೇಣುದ್ದಕ್ಕೆ ನಿಂತು ಹಳದಿಯಾಗಿದ್ದವು. ಎರಡು ಹೆಜ್ಜೆ ಈಚೆಗೆ ಅದೇ ದಿನ ಅದೇ ಬೀಜ ಊರಿದ ಗಿಡಗಳು ಸೊಂಟದೆತ್ತರ ಬೆಳೆದು ಕಾಯಿ ಬಿಡುತ್ತಿದ್ದವು. ಗುದ್ದಲಿಯಿಂದ ಪಟ್ಟೆಯ ಮೇಲೆ ಅಗೆದೆವು. ಮೇಲೆಲ್ಲ ಜಲ್ಲಿ ಮಿಶ್ರಿತ ಕೆಂಪು ಜೇಡಿ. ಎರಡಡಿ ಕೆಳಗೆ, ಅವರ ಅತ್ತೆಯ ಕಾಲದಿಂದ ಗೊಬ್ಬರ ತಿಂದ ಕಪ್ಪು ಮಣ್ಣು! ಕಣ್ಣು ಯಾರದೂ ಬಿದ್ದಿರಲಿಲ್ಲ. ಮಣ್ಣು ತಲೆಕೆಳಗಾಗಿತ್ತು, ಅಷ್ಟೆ.

ಸಸ್ಯಕ್ಕೆ ಅನ್ನ ಕೊಡುವುದು ಮೇಲಿನ ಅರ್ಧ ಮುಕ್ಕಾಲು ಅಡಿ ಮಣ್ಣು. ಸಾವಯವ ಪದಾರ್ಥ, ಎರೆಹುಳು, ಸೂಕ್ಷ್ಮ ಜೀವಿಗಳು ಹೆಚ್ಚಾಗಿರುವುದು ಈ ಪದರದಲ್ಲಿ. ಕೆಳಗಿನದು ಬಿಗಿ ಮಣ್ಣು. ಅದರಲ್ಲಿ ಗಾಳಿಯಾಡುವುದು ಕಡಿಮೆ, ಸಾರಜನಕ ಮತ್ತು ರಂಜಕವೂ ಕಡಿಮೆ. ಕಂದಕ ತೋಡುವಾಗ ಮೊದಲು ಹೊರಬಂದ ಮೇಲ್ಮಣ್ಣು ರಾಶಿಯ ಅಡಿಗೆ ಹೋಗುತ್ತದೆ, ಅದರ ಮೇಲೆ ಕೆಳಮಣ್ಣು ಬೀಳುತ್ತದೆ. ಮುಚ್ಚುವಾಗ ಎಲ್ಲವೂ ಒಂದೇ ಸಲಕ್ಕೆ ನೂಕಲ್ಪಡುತ್ತದೆ. ಆದ್ದರಿಂದ ಯಂತ್ರ ಬರುವ ಹಿಂದಿನ ದಿನವೇ ಮನೆಯವರು ಗುದ್ದಲಿ ಹಿಡಿದು, ಗುರುತು ಹಾಕಿದ ಗೆರೆಯ ಉದ್ದಕ್ಕೂ ಮೇಲ್ಮಣ್ಣನ್ನು ಮುಕ್ಕಾಲು ಅಡಿ ಆಳಕ್ಕೆ ತೆಗೆದು ಒಂದು ಪಕ್ಕಕ್ಕೆ ಹಾಕಿಕೊಳ್ಳಬೇಕು. ಯಂತ್ರದವರಿಗೆ ಕೆಳಮಣ್ಣನ್ನು ಇನ್ನೊಂದು ಪಕ್ಕಕ್ಕೆ ಹಾಕಲು ಹೇಳಬೇಕು. ಇಪ್ಪತ್ತಡಿ ಉದ್ದಕ್ಕೆ ಇಬ್ಬರಿಗೆ ಬೆಳಗಿನ ಕೆಲಸ. ಮುಂದೆ ಹೇಳುವುದೆಲ್ಲ ತಪ್ಪಿದರೂ ಇದೊಂದನ್ನು ತಪ್ಪಿಸಬಾರದೆಂಬುದು ನಮ್ಮ ಅಭಿಪ್ರಾಯ.

ಗೆರೆ ಎಲ್ಲಿ ಹಾಯಬೇಕೆಂಬುದನ್ನು ಮೊದಲೇ ಮಾತಾಡಿಕೊಳ್ಳುವುದು ಲೇಸು. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಸದಸ್ಯರನ್ನೋ ಪಂಚಾಯಿತಿಯ ನೀರುಗಂಟಿಯನ್ನೋ ಕರೆದು ಹಿತ್ತಲು ತೋರಿಸಿ, ಹಗ್ಗ ಹಿಡಿದು ಸುಣ್ಣದಲ್ಲಿ ಗುರುತು ಹಾಕಿಸಿರಿ. ಕೊಳವೆಯನ್ನು ನಾಲ್ಕಡಿ ಪಕ್ಕಕ್ಕೆ ಸರಿಸಲು ತಗಲುವ ಖರ್ಚು ಅಲ್ಪ. ಫಲ ಬಿಡುವ ತೆಂಗನ್ನು ಮತ್ತೆ ಬೆಳೆಸಲು ಆರೇಳು ವರ್ಷ ಬೇಕು. ಭೂಮಿಯೊಳಗೆ ವಿದ್ಯುತ್ ತಂತಿ ಹೋಗಿದ್ದರೆ ಅದನ್ನೂ ಆಗಲೇ ತಿಳಿಸಬೇಕು.

ತೆಂಗಿಗೆ ತಾಯಿಬೇರಿಲ್ಲ. ಬುಡದಿಂದ ಸಾವಿರಾರು ಬೇರುಗಳು ಹೊರಟು ಸುತ್ತಲೂ ಹರಡುತ್ತವೆ. ಚೆನ್ನಾಗಿ ಸಾಕಿದ ಮರದಲ್ಲಿ ಇವುಗಳ ಸುಮಾರು ಮುಕ್ಕಾಲು ಪಾಲು ಬುಡದಿಂದ 2 ಮೀಟರ್ ಒಳಗೇ ಇರುತ್ತವೆ. ಬಹುಪಾಲು 30 ರಿಂದ 120 ಸೆಂಟಿಮೀಟರ್ ಆಳದಲ್ಲಿರುತ್ತವೆ. ಮೂರಡಿ ಆಳದ ಕಂದಕ ಹಾಯುವುದೂ ಸರಿಯಾಗಿ ಈ ಪದರದಲ್ಲೇ. ಆದ್ದರಿಂದ ತೆಂಗಿನಿಂದ ಏಳಡಿಯಾದರೂ ದೂರವಿರಬೇಕು. ಅನಿವಾರ್ಯವಾಗಿ ಹತ್ತಿರ ಹಾಯಬೇಕಾದರೆ ಒಂದೇ ಪಕ್ಕದಲ್ಲಿ ಹಾಯಲಿ. ಎರಡು ಪಕ್ಕದಲ್ಲಿ ಬೇರು ಕಡಿದರೆ ಮರಕ್ಕೆ ಉಣ್ಣಲು ದಾರಿಯಿಲ್ಲ. ಕಡಿದ ತೆಂಗಿನ ಬೇರಿನ ಹಿಂಭಾಗದಿಂದ ಕವಲುಗಳೂ ಬುಡದಿಂದ ಹೊಸ ಬೇರುಗಳೂ ಬರುತ್ತವೆ. ಅದಕ್ಕೆ ಮಣ್ಣಿನಲ್ಲಿ ತೇವವಿರಬೇಕು, ಬೇರೇನೂ ಔಷಧಿ ಬೇಡ. ಕೆಲವು ವಾರ ಹರಳು ಉದುರಿದರೆ ಗಾಬರಿಯಾಗಬೇಕಾಗಿಲ್ಲ. ಹೊಂಬಾಳೆ ಒಡೆದು ಕಾಯಿ ಬಲಿಯಲು 11-12 ತಿಂಗಳು ಬೇಕಾದ್ದರಿಂದ, ಈಗಿನ ಪೆಟ್ಟು ಮುಂದಿನ ವರ್ಷದ ಕೊಯ್ಲಿನಲ್ಲಿ ಕಂಡುಬರುತ್ತದೆ ಎಂಬುದನ್ನು ಲೆಕ್ಕದಲ್ಲಿಟ್ಟುಕೊಂಡು ನೀರು, ಮುಚ್ಚಿಗೆಗಳನ್ನು ಬಿಡದೆ ಮುಂದುವರಿಸಬೇಕು.

ಮಾವು, ಹಲಸು, ಸಪೋಟಗಳ ವಿಷಯ ಬೇರೆ. ಇವುಗಳ ದಪ್ಪ ಬೇರುಗಳು ಮರವನ್ನು ನೆಲಕ್ಕೆ ಕಟ್ಟಿ ಹಿಡಿದಿರುತ್ತವೆ. ಯಂತ್ರದ ಹಲ್ಲಿಗೆ ಸಿಕ್ಕಿದ ಬೇರು ತುಂಡಾಗುವುದಿಲ್ಲ, ಹಿಂದಕ್ಕೆ ಸೀಳಿಕೊಂಡು ಬುಡದವರೆಗೂ ಬಿರಿಯುತ್ತದೆ. ಬುಡದ ಸುತ್ತ ಆರಡಿ ಒಳಗೆ ಯಂತ್ರ ಬಿಡದೆ ಹಾರೆ ಗುದ್ದಲಿಗಳಿಂದಲೇ ತೋಡಿಸಿ, ತೋಳಿನ ಗಾತ್ರದ ಬೇರು ಸಿಕ್ಕಿದರೆ ಅದರ ಅಡಿಯಲ್ಲಿ ಬಿಲ ಮಾಡಿ ಕೊಳವೆ ನುಗ್ಗಿಸಬೇಕು. ಮುಂಗಾರಿನ ಗಾಳಿ ಬೀಸುವ ನೈರುತ್ಯ ದಿಕ್ಕಿನ ಬೇರುಗಳನ್ನಂತೂ ಕಡಿಯಲೇಬಾರದು. ಮಳೆಯಲ್ಲಿ ಮಣ್ಣು ನೆನೆದಾಗ ಅಂಥ ಮರ ಮನೆಯ ಮೇಲೆ ಬಿದ್ದೀತು. ಸೀಳಿದ ತುದಿಗಳನ್ನು ಗರಗಸದಿಂದ ನುಣ್ಣಗೆ ಕತ್ತರಿಸಬೇಕು. ಹೆಬ್ಬೆರಳಿಗಿಂತ ದಪ್ಪನೆಯ ಬೇರಿನ ಗಾಯಕ್ಕೆ ಬೋರ್ಡೋ ಮುಲಾಮು ಸವರಬಹುದು: 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿಯೂ 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿಯೂ ಕರಗಿಸಿ, ಎರಡನ್ನೂ ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಬೆರೆಸಬೇಕು. ಕಬ್ಬಿಣದ ಪಾತ್ರೆ ಬಳಸಕೂಡದು. ಕಂದಕ ತೆರೆದಿರುವಷ್ಟು ಹೊತ್ತೂ ಬೇರುಗಳ ಮೇಲೆ ನೆನೆಸಿದ ಗೋಣಿಚೀಲ ಹೊದಿಸಿರಬೇಕು. ಬಿಸಿಲಿಗೆ ಸಿಕ್ಕಿದ ಸಣ್ಣ ಬೇರು ಕೆಲವೇ ನಿಮಿಷಗಳಲ್ಲಿ ಒಣಗುತ್ತದೆ.

ಬೇರು ಕಡಿದಷ್ಟು ಕೊಂಬೆಯನ್ನೂ ಕಡಿಯಬೇಕೆಂದು ಹಿಂದೆ ಹೇಳುತ್ತಿದ್ದುದುಂಟು. ಈಗ ಹಾಗೆ ಹೇಳುವುದಿಲ್ಲ. ಹೊಸ ಬೇರು ಹುಟ್ಟಲು ಬೇಕಾದ ಆಹಾರ ಎಲೆಯಿಂದಲೇ ಬರಬೇಕು. ಒಣಗಿದ ಕೊಂಬೆಗಳನ್ನು ಮಾತ್ರ ತೆಗೆದು, ಆ ವರ್ಷ ಕಾಯಿಯ ಭಾರವನ್ನು ಕಡಿಮೆ ಮಾಡಿದರೆ ಸಾಕು. ಕೂಡಲೇ ಯೂರಿಯಾ ಹಾಕುವುದೂ ತಪ್ಪು. ಹೊಸ ಚಿಗುರು ಕಂಡ ಮೇಲೆ ಹಾಕಬಹುದು.

ಬಾಳೆಯ ಬಗ್ಗೆ ಚಿಂತೆ ಬೇಡ, ಕತ್ತಿಯಾಕಾರದ ಎಲೆಯ ಕಂದುಗಳನ್ನು ಮೊದಲೇ ಕಿತ್ತು ಬೇರೆಡೆ ನೆಟ್ಟರಾಯಿತು. ಮಲ್ಲಿಗೆ, ದಾಸವಾಳಗಳನ್ನು ಸಂಜೆಯ ಹೊತ್ತು ಮಣ್ಣಿನ ಹೆಂಟೆ ಒಡೆಯದಂತೆ ಕಿತ್ತು ನೆರಳಿನಲ್ಲಿಡಬಹುದು. ಕರಿಬೇವಿನ ಬೇರು ಗಾಯವಾದಲ್ಲೆಲ್ಲ ಮರಿಗಳು ಏಳುತ್ತವೆ. ಅವನ್ನು ನೆರೆಮನೆಗೂ ಕೊಡಬಹುದು. ಪರಂಗಿಯದೇ ಕಷ್ಟ. ಬುಡದಲ್ಲಿ ಒಂದೆರಡು ದಿನ ನೀರು ನಿಂತರೂ ಅದು ಕೊಳೆಯುತ್ತದೆ, ಸಡಿಲ ಮಣ್ಣಿನ ಕಂದಕವು ಮಳೆಯಲ್ಲಿ ನೀರು ನಿಲ್ಲುವ ತೊಟ್ಟಿಯಂತಾಗುತ್ತದೆ.

ಆದ್ದರಿಂದ ಮುಚ್ಚುವ ಕೆಲಸಕ್ಕೂ ಅಷ್ಟೇ ಲಕ್ಷ್ಯ ಕೊಡಬೇಕು. ಸಿಮೆಂಟು ಹೆಂಟೆ, ಜಲ್ಲಿ, ಕೊಳವೆಯ ತುಂಡುಗಳನ್ನು ಆರಿಸಿ ಹೊರಗೆ ಹಾಕಬೇಕು. ಸಿಮೆಂಟಿನ ಸುಣ್ಣದಿಂದ ಮಣ್ಣಿನ ರಸಸಾರ ಏರಿ, ಕಬ್ಬಿಣದ ಅಂಶ ಸಿಗದೆ ಎಳೆಯ ಎಲೆಗಳು ಬಿಳಿಚಿಕೊಳ್ಳುತ್ತವೆ. ಕೊಳವೆಯ ಸುತ್ತ ಕಲ್ಲಿಲ್ಲದ ಪುಡಿ ಮಣ್ಣು, ಅದರ ಮೇಲೆ ಕೆಳಮಣ್ಣನ್ನು ಅರ್ಧರ್ಧ ಅಡಿ ಹಾಕಿ ತುಳಿದು, ಕೊನೆಗೆ ಮೇಲ್ಮಣ್ಣನ್ನು ತುಳಿಯದೆ ಹರಡಬೇಕು. ಮೇಲ್ಭಾಗ ನೆಲಮಟ್ಟಕ್ಕಿಂತ ನಾಲ್ಕು ಬೆರಳು ಎತ್ತರವಿರಲಿ, ಒಂದು ಮಳೆಗಾಲದಲ್ಲಿ ಅದು ಕುಸಿದು ಸಮವಾಗುತ್ತದೆ. ಯಂತ್ರದ ತೂಕ ಏಳು ಟನ್ನಿಗೂ ಹೆಚ್ಚು. ಮಣ್ಣು ಒದ್ದೆಯಿರುವಾಗ ಅದು ಹಿತ್ತಲಿನಲ್ಲಿ ತಿರುಗಾಡಿದರೆ ನೆಲ ರಸ್ತೆಯಂತೆ ಗಟ್ಟಿಯಾಗುತ್ತದೆ. ಹದವಾಗುವವರೆಗೆ ಎರಡು ದಿನ ತಡೆಯಿರಿ ಎಂದು ಕೇಳಲು ಸಂಕೋಚ ಬೇಡ.

ಬಚ್ಚಲ ನೀರು ಹರಿಯುವ ಕಾಲುವೆಯನ್ನು ಹೆಚ್ಚಿನವರು ಮರೆಯುತ್ತಾರೆ. ಕಂದಕ ಅದನ್ನು ಕತ್ತರಿಸಿದರೆ, ಬಾಳೆಗೆ ಹೋಗಬೇಕಾದ ಕೊಳೆ ನೀರು ಸಡಿಲ ಮಣ್ಣಿನೊಳಗೆ ಇಳಿದು ಕೊಳವೆಯ ಸುತ್ತ ನಿಲ್ಲುತ್ತದೆ. ನಲ್ಲಿಯಲ್ಲಿ ದಿನವಿಡೀ ನೀರು ಬಾರದ ಊರುಗಳಲ್ಲಿ ನೀರು ನಿಂತಾಗ ಕೊಳವೆಯೊಳಗಿನ ಒತ್ತಡ ಇಳಿಯುತ್ತದೆ. ಕೂಡಿಕೆ ಎಲ್ಲಾದರೂ ಸಡಿಲವಿದ್ದರೆ ಹೊರಗಿನ ಕೊಳೆ ಒಳಕ್ಕೆ ಸೇರಿ, ಮರುದಿನ ಅದೇ ನೀರು ಕುಡಿಯುವ ಕೊಡಕ್ಕೆ ಬರುತ್ತದೆ. ವಾಂತಿಭೇದಿಗೆ ಇಷ್ಟು ಸಾಕು. ಬಚ್ಚಲ ಕಾಲುವೆ ಕೊಳವೆಯನ್ನು ದಾಟುವಲ್ಲಿ ಅದನ್ನು ತೂತಿಲ್ಲದ ಕೊಳವೆಯೊಳಗೆ ದಾಟಿಸಬೇಕು. ತಿಪ್ಪೆ, ಶೌಚಾಲಯದ ಗುಂಡಿಗಳಿಂದ ನೀರಿನ ಗೆರೆ ದೂರವಿರಬೇಕು.

ಮೊದಲ ಮಳೆಗೆ ಪಟ್ಟೆಯ ಮೇಲೆ ಒಂದೆರಡು ಹಿಡಿ ಅಪ್ಸೆಣಬು ಅಥವಾ ಹುರುಳಿ ಚೆಲ್ಲಿ, ಹೂ ಬರುವ ಕಾಲಕ್ಕೆ ಅಲ್ಲೇ ಮಣ್ಣಿಗೆ ಸೇರಿಸಿ, ಆಮೇಲೆ ತರಕಾರಿ ಮಾಡಬಹುದು. ಕೊಳವೆಯ ನೆತ್ತಿಯ ಮೇಲೆ ಸೊಪ್ಪು, ಬೆಂಡೆ, ಅವರೆ ಹಾಕಿರಿ. ಮರದ ಜಾತಿ ಬೇಡ. ಕೊಳವೆ ಎಲ್ಲಿಂದ ಎಲ್ಲಿಗೆ, ಗೋಡೆಯಿಂದ ಎಷ್ಟು ಅಡಿಗೆ ಹೋಗಿದೆಯೆಂಬುದನ್ನು ಮುಚ್ಚುವ ಮೊದಲೇ ಅಳೆದು, ಬಚ್ಚಲ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿಡುವುದು ಉತ್ತಮ. ತುಮಕೂರಿನ ಆ ಮನೆಯಲ್ಲಿ ಹೀಗೆ ಬರೆದಿರಲಿಲ್ಲ. ಕಪ್ಪು ಮಣ್ಣನ್ನು ಮೇಲಕ್ಕೆ ತರಲು ಮತ್ತೆ ಅಗೆದಾಗ ಕೊಳವೆಗೆ ಹಾರೆ ತಗುಲದಂತೆ ಕೈಯಲ್ಲೇ ಮಣ್ಣು ಬಗೆಯಬೇಕಾಯಿತು.