ಕೊರಮೀನು ಮತ್ತು ಅದರ ನೆರೆಹೊರೆ

ಮಳೆ ವಿರಳವಾದ ಚಿತ್ರದುರ್ಗ ಸೀಮೆಯಲ್ಲಿ, ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದಂಥ ಜಲಾಶಯ ಒಂದಾದರೆ, ಬೇಸಗೆಗೆ ಬತ್ತುವ ಕೆರೆಗಳು ಹಲವು. ಕೆರೆ ಬತ್ತಿದರೂ ಸುಲಭವಾಗಿ ಅಳಿಯದ ಮೀನು ಕೊರಮೀನು. ಗಾಳಿಯನ್ನು ನೇರವಾಗಿ ಉಸಿರಾಡಬಲ್ಲುದಾದುದರಿಂದ ಅದು ಹಸಿ ಕೆಸರಿನಲ್ಲಿ ಹುದುಗಿ ಜೀವ ಹಿಡಿದಿದ್ದು, ಹೊಸ ನೀರು ಬಂದೊಡನೆ ಬೇಟೆಗೆ ತೊಡಗುತ್ತದೆ.

ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುವುದರಿಂದ ಅವು ಅಣ್ಣತಮ್ಮಂದಿರಂತೆ ಹೊಂದಿ ಬಾಳುತ್ತವೆ. ಕೊರಮೀನಿಗಾದರೋ ಅವುಗಳ ಮರಿಗಳೇ ಆಹಾರ. ಆದುದರಿಂದ ಬಿತ್ತನೆಗೆ ಮೊದಲು ಬಲೆಯೆಳೆದು ಅದನ್ನು ತೆಗೆಯಬೇಕು. ಬೆರಳುದ್ದ ಬೆಳೆದ ಮರಿಗಳನ್ನೇ ಬಿಡಬೇಕು. ಇಲ್ಲವಾದರೆ ಸಾಕಿದವನ ವರ್ಷದ ದುಡಿಮೆ ನೀರುಪಾಲು.

ಗಾಜಿನ ತೊಟ್ಟಿಗೂ ಇದೇ ನಿಯಮ. ಅಲ್ಲಿ ಎಳೆಯ ಮೀನಿಗೆ ಅಡಗಲು ಎಡೆಯೂ ಇಲ್ಲ. ಹಾಗೆಂದು ಕೊರಮೀನು ದುಷ್ಟವಲ್ಲ. ತನ್ನ ಮರಿಗಳನ್ನು ಅದು ಕಣ್ಣಲ್ಲಿಟ್ಟು ಕಾಯುತ್ತದೆ. ತಪ್ಪು, ಸ್ವಭಾವವನ್ನರಿಯದೆ ಕೂಡಿಹಾಕಿದ ಮನುಷ್ಯನದು.