ಹಳೆಯ ಛಂದಸ್ಸಿನಲ್ಲಿ ಹೊಸ ಭಕ್ತಿ

ಹೊರನಾಡಿನಿಂದ ಬಂದ ಮತವನ್ನು ಒಪ್ಪಿದವನು ತನ್ನ ನಾಡಿನ ವಿದ್ಯೆಯನ್ನೂ ತೊರೆಯಬೇಕೆ? ಚೀನಾ ದೇಶದ ವೂ ಲಿ (1632–1718) ತೊರೆಯಲಿಲ್ಲ. ಚಿಂಗ್ ರಾಜವಂಶದ ಮೊದಲ ಕಾಲದ ಆರು ಮಂದಿ ಚಿತ್ರಕಲಾಚಾರ್ಯರಲ್ಲಿ ಈತನೊಬ್ಬನು, ಕವಿಯೂ ಹೌದು. 1688ರಲ್ಲಿ ಜೆಸುಯಿಟ್ ಪಾದ್ರಿಯಾದನು. ಆದರೂ ತನ್ನ ಕ್ರಿಸ್ತಭಕ್ತಿಯನ್ನು ಹಾಡಿದ್ದು ಚೀನೀ ಪಂಡಿತರ ಪ್ರಾಚೀನ ಪದ್ಯಬಂಧಗಳಲ್ಲಿಯೇ.

ನಮ್ಮ ಕರಾವಳಿಯಲ್ಲಿ ಇದೇ ಪ್ರಶ್ನೆ ಮತವನ್ನು ಸಾರಲು ಬಂದವರಿಗೇ ಎದುರಾಯಿತು. 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಬಂದ ಜರ್ಮನಿಯ ಫರ್ಡಿನಾಂಡ್ ಕಿಟ್ಟೆಲ್ಲರು, 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿಗೆ ಅಳವಡಿಸಿದರು. ಪದ್ಯ ಕಟ್ಟಬೇಕಾದರೆ ಗಣ, ಮಾತ್ರೆ, ಪ್ರಾಸಗಳ ಮರ್ಮ ತಿಳಿದಿರಬೇಕಷ್ಟೆ! ಮುಂದೆ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಅವರೇ ಸಂಪಾದಿಸಿ ಅಚ್ಚು ಹಾಕಿಸಿದರು. 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟು ಹೊರಬಂದಿತು. ಮತಪ್ರಚಾರಕ್ಕೆಂದು ಬಂದವರು ಕನ್ನಡದ ವಿದ್ಯಾರ್ಥಿಯಾಗಿ, ಕನ್ನಡಿಗರಿಗೇ ಕೋಶವನ್ನು ಕೊಟ್ಟರು.

ಈ ದಾರಿಯಲ್ಲಿ ಎದುರಿನಿಂದ ನಡೆದು ಬಂದವರೂ ಉಂಟು. ಮಂಜೇಶ್ವರದ ಗೋವಿಂದ ಪೈಗಳು (1883–1963) ಮತವನ್ನು ಬದಲಿಸದೆಯೇ ಕ್ರಿಸ್ತನ ಕಡೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನಾಗಿ ಬರೆದರು; ಬುದ್ಧನ ಕಡೆಗಾಲವನ್ನು ಕುರಿತು ‘ವೈಶಾಖಿ’ಯನ್ನು ರಚಿಸಿದರು.

ಒಂದು ಭಾಷೆಯ ಛಂದಸ್ಸು ಒಂದೇ ಮತದವರ ಸ್ವತ್ತಲ್ಲ, ಶ್ರಮಪಟ್ಟು ಕಲಿತವರೆಲ್ಲರದು. ವಾಚಕರೇ, ಇನ್ನೊಮ್ಮೆ ಕಿಟ್ಟೆಲ್ ಕೋಶವನ್ನು ತೆರೆದಾಗ, ಅದನ್ನು ರಚಿಸಿದ ಕೈ ಅದಕ್ಕೂ ಮೊದಲು ಕನ್ನಡದ ಮಾತ್ರೆಗಳನ್ನು ಎಣಿಸಿತ್ತೆಂಬುದನ್ನು ನೆನೆಯಿರಿ.