ಗಾಜಿನ ಕೊಳದ ನಾಜೂಕು ಅತಿಥಿಗಳು

ಧಾರವಾಡದಿಂದ ಸವದತ್ತಿಯ ಕಡೆಗೆ ಹೊರಟವರಿಗೆ ದಾರಿಯಲ್ಲಿ ಅಮ್ಮಿನಬಾವಿ ಎಂಬ ಊರು ಸಿಗುವುದು. ಹೆಸರಿನಲ್ಲಿಯೇ ಬಾವಿಯನ್ನು ಇಟ್ಟುಕೊಂಡಿರುವ ಈ ಊರು ಇಂದು ಅವಳಿ ನಗರಗಳ ನೀರಿನ ಹೆಬ್ಬಾಗಿಲಾಗಿದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ನವಿಲುತೀರ್ಥದ ಅಣೆಕಟ್ಟಿನಲ್ಲಿ ತಂಗುತ್ತದೆ. ಅಲ್ಲಿಂದ ಯಂತ್ರಗಳ ಬಲದಿಂದ ಅಮ್ಮಿನಬಾವಿಯ ಶುದ್ಧೀಕರಣ ಕೇಂದ್ರಕ್ಕೆ ಬಂದು, ತಿಳಿಗೊಂಡು, ಸೋಸಲ್ಪಟ್ಟು, ಕ್ಲೋರಿನ್ ಬೆರೆಸಿಕೊಂಡು ಹುಬ್ಬಳ್ಳಿ ಧಾರವಾಡಗಳ ನಲ್ಲಿಗಳಿಗೆ ಹರಿಯುತ್ತದೆ. ಮನುಷ್ಯನ ಗಂಟಲಿಗೆ ನಿರಪಾಯವಾದ ಈ ನೀರು ಮೀನಿನ ಕಿವಿರುಗಳಿಗೆ ಏನು ಮಾಡೀತು? ಈ ಪ್ರಶ್ನೆಯು ನನಗೆ ಹೊಳೆದದ್ದು ತಡವಾಗಿ. ಅಷ್ಟರಲ್ಲಿ ಆರು ಜೀವಗಳು ಹೋಗಿದ್ದುವು.

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಗಾಜಿನ ಮೀನುತೊಟ್ಟಿಯೊಂದಿದೆ. ಅದರ ಗೋಡೆಗಳಿಗೆ ಹತ್ತುತ್ತಿದ್ದ ಕಂದುಬಣ್ಣದ ಪಾಚಿಯನ್ನು ತಿಕ್ಕಿ ತಿಕ್ಕಿ ನಾನು ಬೇಸತ್ತಿದ್ದೆ. ಪಾಚಿಯನ್ನು ಮೇಯುವ ಮೀನುಗಳು ಇವೆಯೆಂದು ತಿಳಿದೊಡನೆ ಅವುಗಳನ್ನು ತರುವ ನಿಶ್ಚಯವಾಯಿತು. ಅತಿಥಿಗಳು ಬರುವರೆಂದು ಮನೆಯನ್ನು ಸಾರಿಸುವಂತೆ, ಹಿಂದಿನ ದಿನ ತೊಟ್ಟಿಯನ್ನು ಬರಿದುಮಾಡಿ, ಗಾಜನ್ನೂ ಮರಳನ್ನೂ ತಿಕ್ಕಿ ತೊಳೆದು, ನಲ್ಲಿಯ ಹೊಸ ನೀರನ್ನು ತುಂಬಿದೆನು. ಮರುದಿನ ಚೀಲದ ಮೀನುಗಳನ್ನು ಒಮ್ಮೆಲೇ ಸುರುವಿದೆನು. ಒಂದು ವಾರದಲ್ಲಿ ಆರೂ ಸತ್ತುವು. ಅಂಗಡಿಯವನು ರೋಗದ ಮೀನು ಕೊಟ್ಟನೆಂದು ಮೊದಲು ನಾನು ಬಗೆದೆ. ವಿಚಾರಿಸಿ ನೋಡಿದಾಗ, ತಪ್ಪು ನನ್ನ ಸತ್ಕಾರದಲ್ಲಿಯೇ ಇದ್ದಿತು.

ಈ ಮೀನುಗಳ ಹೆಸರು ಓಟೋಸಿಂಕ್ಲಸ್. ಇವು ಮೀಸೆಮೀನುಗಳ ದೊಡ್ಡ ಬಳಗಕ್ಕೆ ಸೇರಿದುವು. ಪೂರ್ಣ ಬೆಳೆದರೂ ಮೂರರಿಂದ ಐದು ಸೆಂಟಿಮೀಟರನ್ನು ಮೀರುವುದು ಅಪರೂಪ. ಮೈಗೆ ಹುರುಪೆಗಳ ಬದಲು ಎಲುಬಿನ ಫಲಕಗಳ ಕವಚವಿದೆ; ಬಾಯಿ ಕೆಳಮುಖವಾಗಿದ್ದು, ಬಟ್ಟಲಿನಂತೆ ಗಾಜಿಗೂ ಎಲೆಗೂ ಅಂಟಿಕೊಳ್ಳುತ್ತದೆ. ದಕ್ಷಿಣ ಅಮೆರಿಕದ ತೊರೆಗಳೇ ಇವುಗಳ ತವರು. ಅಲ್ಲಿ ಇವು ಹಿಂಡುಹಿಂಡಾಗಿ ಎಲೆಗಳ ಮೇಲಿನ ಮೃದುವಾದ ಪಾಚಿಯನ್ನೂ ಸೂಕ್ಷ್ಮಜೀವಿಗಳ ತೆಳುಪದರವನ್ನೂ ಹಗಲೆಲ್ಲ ಕೆರೆದು ತಿನ್ನುತ್ತವೆ. ಈ ಆಹಾರದಲ್ಲಿ ಸತ್ತ್ವವು ಅಲ್ಪ. ಆದ್ದರಿಂದ ಮೇಯುವ ಕೆಲಸಕ್ಕೆ ಬಿಡುವಿಲ್ಲ.

ಅಂಗಡಿಗೆ ಬರುವ ಓಟೋಸಿಂಕ್ಲಸ್‌ಗಳಲ್ಲಿ ಬಹುಪಾಲು ತೊರೆಯಲ್ಲಿ ಹಿಡಿದುವೇ ಹೊರತು ಸಾಕಿ ಬೆಳೆಸಿದುವಲ್ಲ. ಬಲೆಯಿಂದ ಡಬ್ಬಿಗೆ, ಡಬ್ಬಿಯಿಂದ ವಿಮಾನಕ್ಕೆ, ಅಲ್ಲಿಂದ ಸಗಟು ವ್ಯಾಪಾರಿಯ ತೊಟ್ಟಿಗೆ ಸಾಗುವ ಈ ದಾರಿಯಲ್ಲಿ ಅವುಗಳಿಗೆ ಮೇವು ದೊರೆಯುವುದು ದುರ್ಲಭ. ಆದಕಾರಣ ಕೊಳ್ಳುವಾಗ ಮೀನು ಗಾಜಿಗೆ ಅಂಟಿಕೊಂಡಿರುವುದನ್ನು ಈಚೆಯಿಂದ ನೋಡಬೇಕು. ಹೊಟ್ಟೆ ದುಂಡಗಿದ್ದರೆ ಸರಿ. ಒಳಕ್ಕೆ ಬತ್ತಿಹೋಗಿದ್ದರೆ ಅದು ಉಪವಾಸದ ಗುರುತು. ಅಂಗಡಿಗೆ ಬಂದು ಎರಡು ವಾರ ಕಳೆದ ಮೀನುಗಳನ್ನು ಆರಿಸುವುದು ಜಾಣತನ. ಅವು ಸಂಗಜೀವಿಗಳಾದುದರಿಂದ ಆರಕ್ಕಿಂತ ಕಡಿಮೆ ತರಬಾರದು.

ಇನ್ನು ತೊಟ್ಟಿಯ ವಿಚಾರ. ಮೀನು ಉಸಿರಾಡುವಾಗಲೂ ವಿಸರ್ಜಿಸುವಾಗಲೂ ಅಮೋನಿಯಾ ನೀರಿಗೆ ಸೇರುತ್ತದೆ. ಇದು ವಿಷ. ಮರಳಿನ ಮೇಲೂ ಸೋಸುವ ಸಾಧನದಲ್ಲಿಯೂ ನೆಲೆಸುವ ಕೆಲವು ಸೂಕ್ಷ್ಮಾಣುಗಳು ಇದನ್ನು ನೈಟ್ರೈಟ್ ಆಗಿ ಮಾರ್ಪಡಿಸುವುವು. ಅದೂ ವಿಷವೇ. ಬೇರೆ ಸೂಕ್ಷ್ಮಾಣುಗಳು ನೈಟ್ರೈಟನ್ನು ಬಹುಮಟ್ಟಿಗೆ ನಿರುಪದ್ರವಿಯಾದ ನೈಟ್ರೇಟ್ ಆಗಿ ಮಾಡುವುವು. ನಮ್ಮ ಹೊಲಗಳ ಎರೆಮಣ್ಣಿನಲ್ಲಿ ನಡೆಯುವುದೂ ಇದೇ ಕ್ರಿಯೆ. ಹೊಸ ತೊಟ್ಟಿಯಲ್ಲಿ ಈ ಸೂಕ್ಷ್ಮಾಣುಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಹಿಡಿಯುವುವು. ಎಲ್ಲವನ್ನೂ ತಿಕ್ಕಿ ತೊಳೆದ ನಾನು ಈ ಕಾಣದ ಸೇವಕರನ್ನು ಹೊರದೂಡಿದ್ದೆ. ಅತಿಥಿಗಳ ಊಟವನ್ನೂ ಚರಂಡಿಗೆ ಚೆಲ್ಲಿದ್ದೆ!

ಕ್ಲೋರಿನ್ನಿನ ಪಾತ್ರವೂ ಸಣ್ಣದಲ್ಲ. ರೋಗಾಣುಗಳನ್ನು ಕೊಲ್ಲಲೆಂದು, ನಲ್ಲಿಯ ನೀರಿನಲ್ಲಿ ಪ್ರತಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕವು ಹೇಳುತ್ತದೆ. ನಮ್ಮ ಜಠರಕ್ಕೆ ಇದು ಲೆಕ್ಕಕ್ಕಿಲ್ಲ. ಆದರೆ ಮೀನಿನ ಕಿವಿರಿನಲ್ಲಿ ರಕ್ತಕ್ಕೂ ನೀರಿಗೂ ನಡುವೆ ಇರುವುದು ಅತಿ ತೆಳುವಾದ ಪೊರೆ. ಕ್ಲೋರಿನ್ ಅದನ್ನು ಸುಡುತ್ತದೆ. ಪರಿಹಾರ ಸುಲಭ: ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುವುದು. ಅವಸರವಿದ್ದರೆ ಸೋಡಿಯಂ ಥಯೋಸಲ್ಫೇಟ್ ಅದನ್ನು ಕೂಡಲೇ ಕಳೆಯುವುದು.

ಇಷ್ಟು ಸಿದ್ಧತೆಯಾದ ಮೇಲೆ ಗೃಹಪ್ರವೇಶ. ಚೀಲವನ್ನು ಬಿಚ್ಚದೆ ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟರೆ ಎರಡು ನೀರುಗಳ ಉಷ್ಣತೆಯೂ ಒಂದಾಗುವುದು. ಬಳಿಕ ಮೀನುಗಳನ್ನು ಅವುಗಳ ನೀರಿನೊಡನೆ ಸಣ್ಣ ಬಕೀಟಿಗೆ ಹಾಕಿ, ಸಪೂರವಾದ ರಬ್ಬರು ನಳಿಕೆಗೆ ಒಂದು ಗಂಟು ಬಿಗಿದು, ತೊಟ್ಟಿಯ ನೀರನ್ನು ಹನಿಹನಿಯಾಗಿ ಇಳಿಸಬೇಕು. ಒಂದು ಗಂಟೆಯಲ್ಲಿ ಬಕೀಟಿನ ನೀರು ಮೂರು ಪಟ್ಟಾದರೆ ಸಾಕು. ನೀರಿನ ಲವಣ, ಆಮ್ಲ, ಕ್ಷಾರಗಳ ಬದಲಾವಣೆಗೆ ಮೀನಿನ ಮೈ ಮೆಲ್ಲಗೆ ಹೊಂದಿಕೊಳ್ಳುವುದು. ಆಮೇಲೆ ಮೀನುಗಳನ್ನು ಮಾತ್ರ ತೊಟ್ಟಿಗೆ ಬಿಟ್ಟು, ಬಕೀಟಿನ ನೀರನ್ನು ಚೆಲ್ಲಬೇಕು.

ಇಲ್ಲೊಂದು ಎಚ್ಚರಿಕೆ. ಮೀನುಗಳು ಒಂದು ಹಗಲು ಒಂದು ರಾತ್ರಿ ಚೀಲದಲ್ಲಿ ಪಯಣಿಸಿದ್ದರೆ ಈ ಕ್ರಮವು ತಿರುಗುಬಾಣವಾದೀತು. ಅವುಗಳ ಉಸಿರಿನ ಇಂಗಾಲಾಮ್ಲವು ನೀರನ್ನು ತುಸು ಆಮ್ಲೀಯವಾಗಿಸಿರುತ್ತದೆ. ಆಗ ಅಮೋನಿಯಾವು ಅಷ್ಟಾಗಿ ಕೆಡುಕು ಮಾಡದ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದೊಡನೆ ಇಂಗಾಲಾಮ್ಲವು ಹಾರಿ, ಆಮ್ಲೀಯತೆ ತಗ್ಗಿ, ಅಮೋನಿಯಾ ತನ್ನ ವಿಷರೂಪವನ್ನು ತಾಳುವುದು. ಅಂಥ ಮೀನುಗಳನ್ನು ಉಷ್ಣತೆ ಸಮವಾದೊಡನೆ ತಡಮಾಡದೆ ತೊಟ್ಟಿಗೆ ದಾಟಿಸುವುದೇ ಲೇಸು.

ಗಾಜಿನ ಪಾಚಿ ಆರು ಬಾಯಿಗಳಿಗೆ ಹೆಚ್ಚು ದಿನ ಸಾಲದು. ಸೌತೆಕಾಯಿಯ ಬಿಲ್ಲೆಯನ್ನೋ ಪಾಲಕದ ಎಲೆಯನ್ನೋ ಕುದಿನೀರಿನಲ್ಲಿ ಅದ್ದಿ, ಆರಿಸಿ, ಸಂಜೆ ಇಳಿಬಿಟ್ಟು ಬೆಳಿಗ್ಗೆ ತೆಗೆದುಬಿಡಬೇಕು. ನೀರು 22ರಿಂದ 26 ಡಿಗ್ರಿ ಸೆಲ್ಸಿಯಸ್ ಇದ್ದರೆ ಉತ್ತಮ. ನಮ್ಮ ಬೇಸಗೆಯಲ್ಲಿ ತೊಟ್ಟಿಯನ್ನು ಕಿಟಕಿಯಿಂದ ದೂರವಿಡಬೇಕು.

ವಾಚಕರಲ್ಲಿ ಇನ್ನೊಂದು ಮಾತು. ಪೇಟೆಯಲ್ಲಿ ಸಕ್ಕರ್ ಎಂಬ ಹೆಸರಿನಿಂದ ಮಾರುವ ಮತ್ತೊಂದು ಕವಚದ ಮೀನು ಮರಿಯಾಗಿದ್ದಾಗ ಮುದ್ದಾಗಿ ಕಂಡರೂ ಮುಂದೆ 30 ಸೆಂಟಿಮೀಟರನ್ನೂ ಮೀರುವುದು. ತೊಟ್ಟಿಯಲ್ಲಿ ಹಿಡಿಸದೆಂದು ಜನರು ಕೆರೆಗೆ ಬಿಟ್ಟುದರಿಂದ ಕೇರಳ, ಬಂಗಾಲ ಮೊದಲಾದ ಕಡೆ ಅದು ಬೇರೂರಿ ಊರಿನ ಮೀನುಗಳಿಗೆ ಕಂಟಕವಾಗಿದೆ. ಕೃಷ್ಣೆಯ ಮೇಲ್ಭಾಗದ ತೊರೆಗಳಲ್ಲಿ ಗಾರಾ ಎಂಬ ನಮ್ಮವೇ ಆದ ಮೀನುಗಳಿವೆ. ಅವು ಕೆಂಡೆಯ ಬಳಗದವು. ಗದ್ದದಡಿಯ ಬಿಲ್ಲೆಯಿಂದ ಬಂಡೆಗೆ ಅಂಟಿಕೊಂಡು ಪಾಚಿಯನ್ನೇ ಕೆರೆಯುತ್ತವೆ. ಸಾವಿರಾರು ಮೈಲಿಗಳ ಅಂತರದಲ್ಲಿ, ಬೇರೆ ಬೇರೆ ಕುಲಗಳಲ್ಲಿ, ನಿಸರ್ಗವು ಒಂದೇ ಕಸುಬಿಗೆ ಒಂದೇ ಬಗೆಯ ಉಪಕರಣವನ್ನು ರೂಪಿಸಿದೆ! ಪರದೇಶದ ಅತಿಥಿಯನ್ನು ಮಲಪ್ರಭೆಗೆ ಬಿಟ್ಟು ಇವುಗಳ ಮೇವನ್ನು ಕಸಿಯಬಾರದು.

ಎರಡನೆಯ ಸಲ ನಾನು ಆರು ವಾರ ಕಾದೆನು. ಹಿಂಬದಿಯ ಗಾಜನ್ನು ಬೇಕೆಂದೇ ತಿಕ್ಕದೆ ಬಿಟ್ಟೆನು. ತಂದ ಆರರಲ್ಲಿ ಐದು ಉಳಿದು, ಈಗ ಒಂದು ವರ್ಷ ಕಳೆದಿದೆ. ಬೆಳಗಿನ ಹೊತ್ತು ಅವು ಎಲೆಯಿಂದ ಎಲೆಗೆ ಸರಿಯುತ್ತ ಮೇಯುವುದನ್ನು ಕಾಣುವಾಗ, ತೀರಾ ಶುಭ್ರವಾದ ತೊಟ್ಟಿಯಲ್ಲಿ ಸತ್ತ ಆ ಆರನ್ನು ನೆನೆಯುತ್ತೇನೆ. ಕಣ್ಣಿಗೆ ಕೊಳೆಯೆಂದು ತೋರುವುದೆಲ್ಲ ಕೊಳೆಯಲ್ಲ. ಅದು ಯಾರದೋ ಅನ್ನವಾಗಿರಬಹುದು.